ಹಿಡಿ ಅಕ್ಕಿಯಿಂದ ನಡೆದ ಡಯಾಸಿಸ್ ಮತ್ತು ನಮ್ಮ ಸಂಘದ ಲೆಕ್ಕ



ಪೋಸ್ಟು ಸ್ವಲ್ಪ ಉದ್ದ ಇದೆ. ಬೈಯೋರು ಪೂರ್ತಿ ಓದಿ ಬೈಯಿರಿ, ಬೇಜಾರಿಲ್ಲ.

ಮೊನ್ನೆ ನಮ್ಮ ಗ್ರೂಪಿನಲ್ಲಿ ಒಳಮೀಸಲಾತಿ ಬಗ್ಗೆ ಮಾತು ನಡೀತಿತ್ತು. ಮಧ್ಯದಲ್ಲಿ ಒಬ್ಬ ತಮ್ಮ ಬರೆದ: "ಚರ್ಚಿಗೆ ಹೋದೋರು ಹೋದ್ರು. ಹಾಲಿನಪುಡಿಗೆ, ಗೋಧಿಗೆ ಮತ ಬಿಟ್ಟೋರು ಅವರು. ನಮ್ಮೋರಲ್ಲ. ಅವರ ಸುದ್ದಿ ನಮಗ್ಯಾಕೆ?" ಅದಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ನಾನು ಗೌರವಿಸೋ ಹಿರಿಯರೂ ಇದ್ದರು. ನಾನು ಆವತ್ತು ಏನೂ ಬರೀಲಿಲ್ಲ. ಬರೀಲಿಲ್ಲ ಅನ್ನೋದು ಮೂರು ದಿನ ನಿದ್ದೆಗೆಡಿಸಿತು. ಅದಕ್ಕೇ ಇದು.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡುಬಿಡ್ತೀನಿ.

ನಾನು ಕಚೇರಿ ಗುಮಾಸ್ತ. ಕೆಲವು ವರ್ಷದ ಹಿಂದೆ ಬೇರೊಂದು ಊರಿನ ಕಚೇರಿಯಲ್ಲಿ ಜಾತಿ ಪ್ರಮಾಣಪತ್ರದ ಟೇಬಲ್ ನನ್ನದಾಗಿತ್ತು. ಒಬ್ಬ ಹುಡುಗಿ ಅರ್ಜಿ ಹಾಕಿದ್ದಳು. ಮಾದಿಗರ ಕೇರಿ, ಅಪ್ಪ ಹಮಾಲಿ, ಶಾಲೆ ದಾಖಲೆಯಲ್ಲಿ ಅಜ್ಜನಿಂದಲೂ ಜಾತಿ ಕಾಲಂ ಒಂದೇ. ಆದರೆ ಸ್ಥಳ ವಿಚಾರಣೆಯಲ್ಲಿ ಯಾರೋ ಹೇಳಿದರು, ಅವಳಪ್ಪನನ್ನು ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿದ್ದು ಅಂತ. ಮನೆಯಲ್ಲಿ ಶಿಲುಬೆ ಇದೆ ಅಂತ ವರದಿ ಬಂತು. ಅರ್ಜಿ ತಿರಸ್ಕೃತ. ಆ ಹಿಂಬರಹ ಟೈಪ್ ಮಾಡಿದ ಕೈ ನನ್ನದೇ. ಹಿಂಬರಹ ತಗೊಂಡು ಆ ಹುಡುಗಿ ಕೇಳಿದ್ದು ಇಷ್ಟೇ: "ಸರ್, ನಮ್ಮ ಓಣಿಗೆ ಇವತ್ತೂ ಹೋಟೆಲಿನೋರು ಬ್ಯಾರೆ ಗ್ಲಾಸ್ ಇಡ್ತಾರ. ಅವರಿಗೆ ನಾವು ಕ್ರೈಸ್ತರು ಅಂತ ಗೊತ್ತಿಲ್ಲೇನ್ರಿ?"

ನಾನು ನಿಯಮ ಹೇಳಿದೆ. ನಿಯಮ ಸರಿಯಾಗೇ ಹೇಳಿದೆ. ಉತ್ತರ ಮಾತ್ರ ಕೊಡಲಿಲ್ಲ.

ಆಮೇಲಿಂದ ನಾನು ಈ ವಿಷಯ ಓದೋಕೆ ಶುರು ಮಾಡಿದ್ದು. ಓದಿದ್ದರಲ್ಲಿ ನನ್ನನ್ನು ಹೆಚ್ಚು ಅಲ್ಲಾಡಿಸಿದ್ದು ಡೋರ್ನಕಲ್ ಡಯಾಸಿಸ್ಸಿನ ಕತೆ. ಡಯಾಸಿಸ್ ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಸೀಮೆ, ನಮ್ಮ ಜಿಲ್ಲೆ ಇದ್ದ ಹಾಗೆ. ಡೋರ್ನಕಲ್ ಈಗ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿದೆ. ಕಾಜಿಪೇಟೆಯಿಂದ ವಿಜಯವಾಡಕ್ಕೆ ಹೋಗೋ ರೈಲು ದಾರಿಯಲ್ಲಿ ಒಂದು ಜಂಕ್ಷನ್. ನಮ್ಮ ರಾಯಚೂರು ಸೀಮೆಯೋರಿಗೆ ಅದೇನೂ ಪರದೇಶ ಅಲ್ಲ. 1948ರ ತನಕ ನಾವೂ ಅವರೂ ಒಂದೇ ನಿಜಾಮನ ಕೈಕೆಳಗಿದ್ದೋರು. ನನಗಂತೂ ಇನ್ನೊಂದು ಎಳೆ ಇದೆ. ನನ್ನ ಸೋದರಮಾವ ರೈಲ್ವೆ ಗ್ಯಾಂಗ್‌ಮನ್ ಆಗಿ ಆ ಕಡೆ ಹೋದವನು ಅಲ್ಲೇ ಮದುವೆಯಾದ. ಅತ್ತೆ ಚರ್ಚಿನ ಮನೆಯ ಹೆಣ್ಣುಮಗಳು, ಮಾದಿಗರೇ.

ಇತಿಹಾಸ ಸ್ವಲ್ಪ ಹೇಳ್ತೀನಿ, ಯಾಕಂದ್ರೆ "ಬಿಳಿಯರ ಚರ್ಚು" ಅನ್ನೋ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಚರ್ಚು ಮುಚ್ಚಿಹೋಗಿವೆ.

ಒಂದು, ನಿಜವಾಗಿಯೂ ಬಿಳಿಯರದ್ದು. ಆಂಗ್ಲಿಕನ್ ಅಂದರೆ ಇಂಗ್ಲೆಂಡಿನ ರಾಜಮನೆತನದ ಚರ್ಚು. 1813ರಲ್ಲಿ ಕಂಪನಿ ಸರ್ಕಾರದ ಸನ್ನದು ಹೊಸದಾಗುವಾಗ ಇಂಡಿಯಾಕ್ಕೆ ಬಿಷಪ್ ಬೇಕು ಅಂತಾಯ್ತು. 1814ರಲ್ಲಿ ಮಿಡಲ್ಟನ್ ಕಲ್ಕತ್ತೆಯ ಮೊದಲ ಬಿಷಪ್. 1835ರಲ್ಲಿ ಮದ್ರಾಸ್, 1837ರಲ್ಲಿ ಬೊಂಬಾಯಿ ಡಯಾಸಿಸ್. ಈ ಬಿಷಪ್ಪರನ್ನು ನೇಮಕ ಮಾಡ್ತಿದ್ದದ್ದು ಇಂಗ್ಲೆಂಡಿನ ದೊರೆ. ಸಂಬಳ ಬರ್ತಿದ್ದದ್ದು ಇಂಡಿಯಾದ ಕಂದಾಯದಿಂದ. ಅಂದರೆ ನಮ್ಮ ಮುತ್ತಜ್ಜಂದಿರು ದುಡಿದ ಹೊಲದ ತೀರುವೆ, ಸಿಪಾಯಿಗಳಿಗೂ ಕಲೆಕ್ಟರಿಗೂ ಪ್ರಾರ್ಥನೆ ಮಾಡಿಸೋ ಪಾದ್ರಿಗೆ ಹೋಗ್ತಿತ್ತು. ಬೆಂಗಳೂರು ದಂಡಿನ ಸೇಂಟ್ ಮಾರ್ಕ್ಸ್ ಚರ್ಚು ಹುಟ್ಟಿದ್ದು ಇಂಥ ವ್ಯವಸ್ಥೆಯಲ್ಲೇ. ಅದನ್ನು ಬೈದರೆ ನಾನೂ ಜೊತೆಗೆ ಬೈತೀನಿ.

ಇನ್ನೊಂದು ಚರ್ಚು ಹಳ್ಳಿಯದು. ತೆಲುಗು ಸೀಮೆಯ ಮಾಲ, ಮಾದಿಗ ಕೇರಿಗಳಲ್ಲಿ 19ನೇ ಶತಮಾನದ ಕೊನೆಯಿಂದ ಜನ ಗುಂಪುಗುಂಪಾಗಿ ಕ್ರೈಸ್ತರಾಗತೊಡಗಿದರು. ಒಬ್ಬೊಬ್ಬರೇ ಅಲ್ಲ, ಕೇರಿಗೆ ಕೇರಿ. ಕುಳಿತು ಮಾತಾಡಿ, ಹಿರಿಯರನ್ನು ಒಪ್ಪಿಸಿ, ಒಟ್ಟಿಗೆ ತೀರ್ಮಾನ ಮಾಡಿ ಹೋದರು. ಬೇಕಿದ್ದದ್ದು ಬರೀ ದೇವರಲ್ಲ. ಮಕ್ಕಳಿಗೆ ಅಕ್ಷರ ಬೇಕಿತ್ತು. ದೊರೆ ಹೊಡೆಯೋಕೆ ಬಂದಾಗ ಅಡ್ಡ ನಿಂತು ಮಾತಾಡೋರು ಒಬ್ಬರು ಬೇಕಿತ್ತು. ಹೆಸರು ಹಿಡಿದು "ರಾ" ಅನ್ನದೆ "ರಂಡಿ" ಅಂತ ಬಹುವಚನದಲ್ಲಿ ಕರೆಯೋ ಜಾಗ ಬೇಕಿತ್ತು.

ಈ ಜನರ ನಡುವೆ 1909ರಲ್ಲಿ ಬಂದವರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ತಮಿಳರು, ತಿರುನೆಲ್ವೇಲಿ ಸೀಮೆಯ ನಾಡಾರರು, 1874ರಲ್ಲಿ ಹುಟ್ಟಿದವರು. ನಾಡಾರರು ಅಂದರೆ ತಾಳೆ ಮರ ಹತ್ತೋ ಜಾತಿ. ಆ ಕಾಲಕ್ಕೆ ಅವರಿಗೂ ದೇವಸ್ಥಾನದೊಳಗೆ ಬಿಡ್ತಿರಲಿಲ್ಲ. ತಿರುನೆಲ್ವೇಲಿಯ ಕ್ರೈಸ್ತರು 1903ರಲ್ಲಿ ತಾವೇ ಒಂದು ಮಿಷನರಿ ಸಂಘ ಕಟ್ಟಿಕೊಂಡಿದ್ದರು. ಅದರ ಕೆಲಸಕ್ಕೆ ಇವರು ತೆಲುಗು ಕಲಿತು ಡೋರ್ನಕಲ್‌ಗೆ ಬಂದರು.

1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿಗಳ ದೊಡ್ಡ ಸಮ್ಮೇಳನ. ಅಲ್ಲಿ ಅಜರಯ್ಯ ಎದ್ದು ನಿಂತು ಹೇಳಿದ ಮಾತಿನ ಸಾರ ಇದು: ನೀವು ತ್ಯಾಗ ಮಾಡಿದ್ದೀರಿ, ದುಡ್ಡು ಕೊಟ್ಟಿದ್ದೀರಿ, ಆದರೆ ನಮ್ಮನ್ನು ಸರೀಕರಂತೆ ಕಂಡಿಲ್ಲ, ಗೆಳೆತನ ಕೊಡಿ. ಜೊತೆಗೆ ಕೆಲಸ ಮಾಡೋ ಇಂಡಿಯಾದವನನ್ನು ಒಮ್ಮೆಯೂ ಊಟಕ್ಕೆ ಕೂರಿಸದ ಮಿಷನರಿಗಳ ಬಗ್ಗೆ ಅವರ ಎದುರೇ ಹೇಳಿದರು. ಸಭೆಯಲ್ಲಿ ಹಲವರಿಗೆ ಸಿಟ್ಟು ಬಂತು. ಸಂಗಾತಿಗಳೇ, ಮೇಲಿನವರ ಸಭೆಯಲ್ಲಿ ಒಬ್ಬನೇ ನಿಂತು ಹಾಗೆ ಮಾತಾಡೋದು ಏನು ಅಂತ ನಮಗೆ ಗೊತ್ತು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ಪಟ್ಟ ಆಯ್ತು. ಆಂಗ್ಲಿಕನ್ ಚರ್ಚಿನ ಮೊದಲ ಇಂಡಿಯನ್ ಬಿಷಪ್. ಬೆನ್ನಿಗೆ ನಿಂತವರು ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಬಿಳಿಯ ಪಾದ್ರಿಗಳು ಕಪ್ಪು ಬಿಷಪ್ಪನ ಕೈಕೆಳಗೆ ಕೆಲಸ ಮಾಡ್ತಾರಾ ಅನ್ನೋದೇ ವಿರೋಧಿಸಿದವರ ದೊಡ್ಡ ಚಿಂತೆ. ನಮ್ಮ ಕಚೇರಿಗಳಲ್ಲಿ ದಲಿತ ಅಧಿಕಾರಿ ಬಂದಾಗ ಕಾರಿಡಾರಿನಲ್ಲಿ ಕೇಳಿಸುತ್ತಲ್ಲ, ಅದೇ ಚಿಂತೆ. ಮೊದಲು ಕೊಟ್ಟಿದ್ದು ಸಣ್ಣ ಸೀಮೆ. ಆಮೇಲೆ ಕೃಷ್ಣಾ ಕಡೆಯ ಮಿಷನ್ ಜಿಲ್ಲೆಗಳೂ ಸೇರಿ ಡಯಾಸಿಸ್ ದೊಡ್ಡದಾಯ್ತು. 1945ರ ಜನವರಿ 1ರಂದು ತೀರಿಕೊಳ್ಳೋವರೆಗೆ, ಅಂದರೆ 32 ವರ್ಷ, ಸ್ವಂತ ಡಯಾಸಿಸ್ ಇದ್ದ ಇಂಡಿಯನ್ ಬಿಷಪ್ ಇವರೊಬ್ಬರೇ. ಒಬ್ಬರನ್ನು ತೋರಿಸಿ ಬಾಗಿಲು ಮುಚ್ಚೋದು ಆಗಿನಿಂದಲೂ ಇದೆ.

ಈಗ ಮುಖ್ಯ ಮಾತು. ಈ ಡಯಾಸಿಸ್ ನಡೀತಿದ್ದದ್ದು ಹೇಗೆ?

ತಳದಲ್ಲಿ ಕೇರಿಯ ಸಭೆ. ಅಲ್ಲೊಬ್ಬ ಮೇಷ್ಟ್ರು, ಹಗಲು ಹಾಗೂ ರಾತ್ರಿ ಶಾಲೆ, ಭಾನುವಾರ ಪ್ರಾರ್ಥನೆ. ಬಹಳ ಕಡೆ ಅವನೂ ಅದೇ ಜಾತಿಯವನು. ಹಲವು ಹಳ್ಳಿ ಸೇರಿ ಒಂದು ಪಾಸ್ಟರೇಟ್, ಅದಕ್ಕೊಬ್ಬ ದೀಕ್ಷೆ ಪಡೆದ ಪಾದ್ರಿ. ಹಲವು ಪಾಸ್ಟರೇಟ್ ಸೇರಿ ಮೇಲಿನ ಹಂತದ ಸಮಿತಿ. ಎಲ್ಲದರ ಮೇಲೆ ಡಯಾಸಿಸನ್ ಕೌನ್ಸಿಲ್, ಅದಕ್ಕೆ ಪಾದ್ರಿಗಳೂ ಬರ್ತಾರೆ, ಸಭೆಗಳಿಂದ ಆರಿಸಿದ ಸಾಮಾನ್ಯ ಜನರೂ ಬರ್ತಾರೆ. ಬಿಷಪ್ ಅದರ ಅಧ್ಯಕ್ಷ. ಊರಿನ ಪಂಚಾಯ್ತಿ ಕಟ್ಟೆ ಹತ್ತೋ ಹಾಗಿಲ್ಲದ ಮನುಷ್ಯ ಇಲ್ಲಿ ಕುರ್ಚಿ ಮೇಲೆ ಕೂತು ಲೆಕ್ಕ ಕೇಳ್ತಿದ್ದ. 1930ರ ದಶಕದ ಹೊತ್ತಿಗೆ ಪಾದ್ರಿಗಳಲ್ಲಿ ಬಹುತೇಕರು ಇಂಡಿಯಾದವರೇ. 1940ರ ಸುಮಾರಿಗೆ ಡಯಾಸಿಸ್ಸಿನ ಜನಸಂಖ್ಯೆ 2 ಲಕ್ಷ ದಾಟಿತ್ತು, ಅದರಲ್ಲಿ ಹೆಚ್ಚಿನವರು ಮಾಲ, ಮಾದಿಗರು.

ದುಡ್ಡು? ಇಂಗ್ಲೆಂಡಿನಿಂದಲೂ ಬರ್ತಿತ್ತು, ಸುಳ್ಳು ಹೇಳಲ್ಲ. ಆದರೆ ಹಳ್ಳಿಯ ಪಾದ್ರಿಯ ಸಂಬಳ ಹಳ್ಳಿಯೇ ಕೊಡಬೇಕು ಅನ್ನೋದು ಅಜರಯ್ಯನವರ ಹಟ. ಅದಕ್ಕೆ ಇದ್ದ ದಾರಿ ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ಅಳೆದ ಮೇಲೆ ಹೆಣ್ಣುಮಗಳು ಅದರಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕಬೇಕು. ಅದು ಚರ್ಚಿನದು.

ಮಾವನ ಮನೆಗೆ ಹೋದಾಗ ಅತ್ತೆಯ ತಾಯಿ ಇದನ್ನೇ ಹೇಳಿದ್ದರು. ಮುದುಕಿಯ ತೆಲುಗು ನನಗೆ ಅರ್ಧ ತಿಳೀತಿತ್ತು, ಇನ್ನರ್ಧ ಅತ್ತೆ ಹೇಳಿದಳು. "ನಮ್ಮಮ್ಮ ಗಂಜಿಗೆ ಅಕ್ಕಿ ಸಾಲದ ದಿನಾನೂ ಆ ಹಿಡಿ ಬಿಡ್ತಿರಲಿಲ್ಲ. ದೊರೆ ಮನೆಯಿಂದ ಬೇಡಿ ತಂದ ಅಕ್ಕಿನೇ ಇರಲಿ, ಒಂದು ಹಿಡಿ ಗಡಿಗೆಗೆ. ನಾನು ಜಗಳ ಆಡಿದ್ರೆ ಹೇಳೋಳು, ತಗೊಳ್ಳೋ ಕೈನ ಎಲ್ಲರೂ ನೋಡ್ಯಾರ, ಕೊಡೋ ಕೈನೂ ನೋಡ್ಲಿ."

ಹಾಲಿನಪುಡಿ ಅಂದ ತಮ್ಮ, ಈ ಮಾತು ಇನ್ನೊಂದು ಸಲ ಓದು. ಹಸಿದ ಕೇರಿ ತನ್ನ ಗಂಜಿಯಿಂದ ಅಕ್ಕಿ ತೆಗೆದು ಮೇಷ್ಟ್ರನ್ನು, ಪಾದ್ರಿಯನ್ನು ಸಾಕಿತು. ಡೋರ್ನಕಲ್‌ನ ದೊಡ್ಡ ಚರ್ಚು ವರ್ಷಗಟ್ಟಲೆ ಕಟ್ಟಿ 1939ರ ಜನವರಿ 6ರಂದು ಪ್ರತಿಷ್ಠೆಯಾಯ್ತು. ಮಸೀದಿಯಂಥ ಗುಮ್ಮಟ, ದೇವಸ್ಥಾನದಂಥ ಕಂಬ, ಕಮಲದ ಕೆತ್ತನೆ. ಯಾವ ಗುಡಿಯೊಳಗೂ ಬಿಡದ ಜನ ತಮ್ಮದೇ ಒಂದನ್ನು ಕಟ್ಟಿಕೊಂಡರು. ನಾನು ಬೌದ್ಧ, ಅಲ್ಲಿ ಕೈಮುಗೀಲಿಲ್ಲ. ಆದರೆ ಚಪ್ಪಲಿ ಬಿಟ್ಟೇ ಒಳಗೆ ಹೋದೆ.

ಹಾಗಂತ ಇದು ಸ್ವರ್ಗ ಆಗಿತ್ತು ಅಂತ ನಾನು ಹೇಳ್ತಿಲ್ಲ.

ಬಾಬಾಸಾಹೇಬರು ಮತಾಂತರದ ಬಗ್ಗೆ ಬರೆದದ್ದರಲ್ಲಿ ಚರ್ಚಿನ ವಿಮರ್ಶೆ ಖಾರವಾಗೇ ಇದೆ. ಕ್ರೈಸ್ತನಾದ ಅಸ್ಪೃಶ್ಯನನ್ನು ಜಾತಿ ಬಿಡಲಿಲ್ಲ, ಚರ್ಚು ಜಾತಿಯ ಮೇಲೆ ಯುದ್ಧ ಹೂಡಲಿಲ್ಲ ಅಂದರು. ಡೋರ್ನಕಲ್‌ನಲ್ಲೂ ಅದು ಸತ್ಯವೇ. ಮಾಲರೂ ಮಾದಿಗರೂ ಒಂದೇ ಡಯಾಸಿಸ್ಸಿಗೆ ಬಂದರು, ಆದರೆ ಹೆಣ್ಣು ಕೊಟ್ಟು ತರೋ ದಾರಿ ಬೇರೆಬೇರೆಯೇ ಉಳೀತು. ಮೊದಲು ಓದಿದವರು ಹುದ್ದೆ ಹಿಡಿದರು, ಹಿಂದೆ ಉಳಿದವರು ಹಿಂದೆಯೇ. ಅಜರಯ್ಯ ಇಬ್ಬರನ್ನೂ ಸೇರಿಸೋಕೆ ಜೀವನವಿಡೀ ಹೆಣಗಿದರು, ಪೂರ್ತಿ ಗೆಲ್ಲಲಿಲ್ಲ. 1994ರಲ್ಲಿ ಆಂಧ್ರದಲ್ಲಿ ಮಾದಿಗ ದಂಡೋರ ಎದ್ದಾಗ ಕೇಳಿದ ಪ್ರಶ್ನೆ, ನಮ್ಮ ರಾಜ್ಯದಲ್ಲಿ ಮೂರು ದಶಕ ಕೇಳಿದ ಪ್ರಶ್ನೆ, ಚರ್ಚಿನ ಕಮಿಟಿಯೊಳಗೂ ಇದ್ದ ಪ್ರಶ್ನೆಯೇ: ಎಲ್ಲರ ಹೆಸರಲ್ಲಿ ಬಂದದ್ದು ಯಾರ ಮನೆಗೆ ಹೋಯ್ತು?

ರಾಜಕೀಯದಲ್ಲೂ ಅವರ ದಾರಿಗೆ ನಾನು ಒಪ್ಪಲ್ಲ. ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರಕ್ಕೆ ಹೋರಾಡಿದರೆ, ಅಜರಯ್ಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂದವರು. ಸಭೆ ರಾಜಕೀಯ ಪಂಗಡ ಆಗಬಾರದು ಅನ್ನೋದು ಅವರ ವಾದ. ಒಳ್ಳೆ ಮನಸ್ಸೇ. ಆದರೆ ಅಧಿಕಾರ ಇಲ್ಲದ ಜನಕ್ಕೆ ಒಳ್ಳೆ ಮನಸ್ಸು ಮಾತ್ರ ಉಳಿಯುತ್ತೆ.

ಆದರೂ ಒಂದು ವಿಷಯದಲ್ಲಿ ಅವರು ಅಲ್ಲಾಡಲಿಲ್ಲ. 1935ರ ಅಕ್ಟೋಬರಿನಲ್ಲಿ ಯೇವಲಾದಲ್ಲಿ ಬಾಬಾಸಾಹೇಬರು ಹಿಂದೂವಾಗಿ ಸಾಯಲ್ಲ ಅಂದ ಮೇಲೆ ದೇಶವೆಲ್ಲ ಮತಾಂತರದ್ದೇ ಮಾತು. ಗಾಂಧಿ ಈ ಸಾಮೂಹಿಕ ಮತಾಂತರದ ವಿರುದ್ಧ ನಿಂತರು. 1936ರಲ್ಲಿ ಮಿಷನರಿ ನಾಯಕ ಜಾನ್ ಮಾಟ್ ಜೊತೆ ಮಾತಾಡುವಾಗ, ಹರಿಜನರಿಗೆ ಮತಗಳ ವ್ಯತ್ಯಾಸ ಅರಿಯೋ ಶಕ್ತಿ ಹಸುವಿಗಿಂತ ಹೆಚ್ಚಿಲ್ಲ ಅನ್ನೋ ಅರ್ಥದ ಮಾತು ಆಡಿದರು. ಅಜರಯ್ಯನವರ ನಿಲುವು ಇದಕ್ಕೆ ಉಲ್ಟಾ: ಈ ಜನಕ್ಕೆ ಆತ್ಮ ಇದೆ, ಬುದ್ಧಿ ಇದೆ, ಆರಿಸಿಕೊಳ್ಳೋ ಹಕ್ಕಿದೆ.

ಈಗ ಹೇಳಿ. "ಹಾಲಿನಪುಡಿಗೆ ಹೋದೋರು" ಅನ್ನೋ ಮಾತಿಗೂ, ನಮ್ಮವರನ್ನು ಹಸುವಿಗೆ ಹೋಲಿಸಿದ ಆ ಮಾತಿಗೂ ಏನು ವ್ಯತ್ಯಾಸ? ಎರಡರ ಅರ್ಥವೂ ಒಂದೇ: ದಲಿತನಿಗೆ ಯೋಚನೆ ಇಲ್ಲ, ಹೊಟ್ಟೆ ಮಾತ್ರ ಇದೆ. 1956ರಲ್ಲಿ ನಾಗಪುರಕ್ಕೆ ಹೋದ ಲಕ್ಷಾಂತರ ಜನರನ್ನೂ ಹೀಗೇ ಆಡಿಕೊಂಡರು. ಆ ಬೈಗುಳವನ್ನು ನಾವೇ ಎತ್ತಿಕೊಂಡು ನಮ್ಮ ಅಕ್ಕತಂಗಿಯರಿಗೆ ಎಸೀತಿದ್ದೀವಿ.

ಕಾನೂನಿಗೆ ಬರ್ತೀನಿ, ಯಾಕಂದ್ರೆ ನಾನು ಟೈಪ್ ಮಾಡಿದ ಹಿಂಬರಹದ ಬೇರು ಅಲ್ಲಿದೆ. 1936ರ ಬ್ರಿಟಿಷ್ ಸರ್ಕಾರದ ಪರಿಶಿಷ್ಟ ಜಾತಿ ಆದೇಶದಲ್ಲೇ ಇಂಡಿಯನ್ ಕ್ರೈಸ್ತನನ್ನು ಪರಿಶಿಷ್ಟ ಜಾತಿಯವನೆಂದು ಎಣಿಸಬಾರದು ಅಂತ ಬರೆದಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿ ಅಲ್ಲ ಅಂತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ನಮ್ಮನ್ನು, ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಪ್ರವರ್ಗ-1. ಆಂಧ್ರ, ತೆಲಂಗಾಣದಲ್ಲಿ ಬಿಸಿ-ಸಿ, ಶೇ. 1. ಮೀಸಲು ಕ್ಷೇತ್ರ ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ. ಬೇರೆ ಗ್ಲಾಸ್ ಮಾತ್ರ ಇದೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಮತದ ಷರತ್ತು ತೆಗೀರಿ ಅಂತ ವರದಿ ಕೊಟ್ಟಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯ್ತು.

1990ರ ತಿದ್ದುಪಡಿ ಆಗದೇ ಇದ್ದಿದ್ದರೆ ಬೌದ್ಧನಾದ ನನ್ನ ಪ್ರಮಾಣಪತ್ರವೂ ಹೋಗ್ತಿತ್ತು. ಒಂದು ಬಾಗಿಲು ನಮಗೆ ತೆರೆದ ಮೇಲೆ, ಹಿಂದೆ ನಿಂತವರನ್ನು ನೋಡಿ ಇನ್ನು ಸಾಕು ಮುಚ್ಚಿ ಅಂತೀವಾ?

"ಪಾಲು ಕಡಿಮೆ ಆಗುತ್ತಲ್ಲ" ಅಂತ ನೇರವಾಗಿ ಕೇಳೋರಿದ್ದಾರೆ. ಆ ಭಯ ಸುಳ್ಳಲ್ಲ. ಚರ್ಚಿನ ಶಾಲೆಯಲ್ಲಿ ಓದಿದವರು ಮುಂದೆ ಹೋಗಿಬಿಡ್ತಾರೆ ಅನ್ನೋದು ಎಲ್ಲ ಊರಿಗೂ ಅಲ್ಲದಿದ್ದರೂ ಕೆಲವು ಊರಿಗೆ ನಿಜ. ಆದರೆ ಅದಕ್ಕೆ ಔಷಧಿ ನಾವೇ ಹೇಳ್ತಾ ಬಂದದ್ದು: ಲೆಕ್ಕ ಹಾಕಿ, ಒಳಗೆ ಹಂಚಿ, ಜನಸಂಖ್ಯೆ ಹೆಚ್ಚಿದರೆ ಪ್ರಮಾಣ ಹೆಚ್ಚಿಸಿ. ಒಳಮೀಸಲಾತಿ ಕೇಳುವಾಗ ಈ ನ್ಯಾಯ ನಮಗೆ ಸರಿ ಕಂಡಿತು. ಅವರ ಸರದಿ ಬಂದಾಗ ಮಾತ್ರ ತಪ್ಪಾಗೋದು ಹೇಗೆ?

ಚರ್ಚಿನ ದೊಡ್ಡವರಿಗೂ ಒಂದು ಮಾತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯ್ತು. ಆ ಐಕ್ಯಕ್ಕೆ ಜೀವ ತೇದ ಅಜರಯ್ಯ ನೋಡೋಕೆ ಇರಲಿಲ್ಲ. ಡೋರ್ನಕಲ್ ಈಗ ಅದರೊಳಗೆ ಒಂದು ಡಯಾಸಿಸ್. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮಂಗಳೂರು, ಧಾರವಾಡ ಕೇಂದ್ರವಾಗಿ ಮೂರಿವೆ. ಕಾಗದದ ಮೇಲೆ ಒಳ್ಳೆ ಸಂವಿಧಾನ ಇದೆ: ಸಭೆಯಿಂದ ಪಾಸ್ಟರೇಟ್ ಕಮಿಟಿ, ಡಯಾಸಿಸನ್ ಕೌನ್ಸಿಲ್, ಮೇಲೆ ಸಿನಡ್, ಅದಕ್ಕೆ ಮಾಡರೇಟರ್. ಬಿಷಪ್ ಆಯ್ಕೆಗೂ ಕೌನ್ಸಿಲ್ ಓಟು ಹಾಕಿ ಹೆಸರು ಕಳಿಸಬೇಕು. ಆಸ್ತಿ ಟ್ರಸ್ಟ್ ಅಸೋಸಿಯೇಷನ್ ಅನ್ನೋ ಕಂಪನಿಯ ಹೆಸರಲ್ಲಿದೆ. ಆದರೆ ಚುನಾವಣೆ, ಆಸ್ತಿ ಜಗಳಗಳು ಕೋರ್ಟು ಮೆಟ್ಟಿಲು ಹತ್ತಿರೋದು ಊರಿಗೇ ಗೊತ್ತು. ಹಿಡಿ ಅಕ್ಕಿ ಹಾಕಿದ ಮುದುಕಿಯ ಮೊಮ್ಮಗಳಿಗೆ ನಿಮ್ಮ ಕಾಲೇಜಿನಲ್ಲಿ ಸೀಟು ಎಷ್ಟಕ್ಕೆ ಸಿಗುತ್ತೆ? ದಿಲ್ಲಿಯಲ್ಲಿ 3ನೇ ಪ್ಯಾರಾ ತೆಗೀರಿ ಅಂತ ಕೇಳೋ ಮೊದಲು ನಿಮ್ಮ ಕಮಿಟಿಯ ಪಟ್ಟಿಯಲ್ಲಿ ಕೇರಿಯ ಹೆಸರು ಎಷ್ಟಿವೆ ಅಂತ ಎಣಿಸಿ.

ನಮಗೂ ಅದೇ ಕನ್ನಡಿ. ನಮ್ಮ ಸಂಘದಲ್ಲಿ ವಾರ್ಷಿಕ ಲೆಕ್ಕ ಜೋರಾಗಿ ಓದಿದ್ದು ಕೊನೆಗೆ ಯಾವಾಗ? ಜಯಂತಿಗೆ ಫ್ಲೆಕ್ಸು ಕೊಡಿಸೋಕೆ ಯಾವ ರಾಜಕಾರಣಿ ಮನೆ ಮುಂದೆ ನಿಂತಿದ್ದೀವಿ? ಓದುಬರಹ ಬಾರದ ಹೆಣ್ಣುಮಕ್ಕಳು ಒಂದು ಹಿಡಿ ಅಕ್ಕಿಯಲ್ಲಿ 2 ಲಕ್ಷ ಜನರ ಸಂಸ್ಥೆಗೆ ಅನ್ನ ಹಾಕಿದರು. ನಾವು ಸಂಬಳ ತಗೊಳ್ಳೋರು, ತಿಂಗಳಿಗೆ ನೂರು ರೂಪಾಯಿ ವಂತಿಗೆ ಕೇಳಿದರೆ ಗ್ರೂಪಿನಿಂದ ಲೆಫ್ಟ್ ಆಗ್ತೀವಿ.

ಬರೋ ಭಾನುವಾರದ ನಮ್ಮ ತಾಲೂಕು ಸಭೆಗೆ ನಾನು ಎರಡು ವಿಷಯ ಲಿಖಿತವಾಗಿ ಕೊಡ್ತಿದ್ದೀನಿ. ಒಂದು, ಪ್ರತಿ ಸಭೆಯ ಮೊದಲ ಕೆಲಸ ಲೆಕ್ಕ ಓದೋದು, ಲೆಕ್ಕದ ಪುಸ್ತಕ ಹೆಣ್ಣುಮಕ್ಕಳ ಕೈಯಲ್ಲಿರೋದು. ಎರಡು, 3ನೇ ಪ್ಯಾರಾ ರದ್ದಾಗಲಿ ಅಂತ ನಿರ್ಣಯ, ಮತ್ತೆ ಮುಂದಿನ ಸಭೆಗೆ ಕ್ರೈಸ್ತರ ಕೇರಿಯವರಿಗೆ ಕರೆ. ವಿರೋಧ ಇರೋರು ಬನ್ನಿ, ಎದುರೇ ಮಾತಾಡೋಣ.

ಆ ಹುಡುಗಿ ಈಗ ಎಲ್ಲಿದ್ದಾಳೋ. ಅವಳ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಇದು: ಗೊತ್ತಮ್ಮ. ಹೋಟೆಲಿನೋರಿಗೆ ನೀನು ಯಾರು ಅಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದೋರು ಕಡತ ಹಿಡಿದ ನಾವು.

ಜೈ ಭೀಮ್.